ಬರೆಯದೇ ಬಿಟ್ಟ ಉಸಿರು

"ನಿಲ್ಸಿ! ನಿಲ್ಸಿ ಅಂದೆ!"

ಬಾಗಿಲಲ್ಲಿ ನಿಂತವಳು ಕೂಗಿದ ರಭಸಕ್ಕೆ ಹಾಡು ಅರ್ಧಕ್ಕೇ ತುಂಡಾಯಿತು. ಕಿಟಕಿಯ ಪಕ್ಕ ಅಕಾರ್ಡಿಯನ್ ಹಿಡಿದು ಕೂತಿದ್ದವನ ಕೈ ಮಾತ್ರ ತಕ್ಷಣ ನಿಲ್ಲಲಿಲ್ಲ. ಅದರ ತಿದಿ ಮೆಲ್ಲಗೆ ಮುಚ್ಚಿಕೊಳ್ಳುತ್ತಾ, ಒಳಗಿದ್ದ ಗಾಳಿಯನ್ನೆಲ್ಲ ಹೊರಗೆ ಬಿಟ್ಟು, ಆಮೇಲೆ ಸುಮ್ಮನಾಯಿತು.

ಆ ಸದ್ದು... ಅದೇ ಸದ್ದು!

ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಒಂದು ವಾರದ ಹಿಂದೆ ಫೋನಿನಲ್ಲಿ ಈ ಮನುಷ್ಯ ಎಷ್ಟು ಮೆತ್ತಗೆ ಮಾತಾಡಿದ್ದ! 'ತೀರಿಹೋದ ನಿಮ್ಮ ಅಣ್ಣನ ಕವಿತೆಗಳನ್ನ ಹಾಡು ಮಾಡಿದೀನಿ. ತಾಲೀಮಿಗೆ ಬಂದು ಕೇಳಿ. ನೀವು ಒಪ್ಪಿದ್ರೆ ಮಾತ್ರ ವೇದಿಕೆಗೆ ತರ್ತೀನಿ' ಎಂದಿದ್ದ. ಅಣ್ಣನಿಗೆ ಉಳಿದಿದ್ದವಳು ಇವಳೊಬ್ಬಳೇ. ಇವಳು ಹ್ಞೂಂ ಎಂದರೆ ಹಾಡು ಉಂಟು, ಇಲ್ಲವೆಂದರೆ ಇಲ್ಲ.

ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಗುನುಗಿಕೊಳ್ಳಲು ಅಣ್ಣನದೊಂದು ಸಾಲು ಸಿಗುತ್ತದೆ ಎಂದುಕೊಂಡಿದ್ದಳು, ಪಾಪ. ಆದರೆ ಒಳಗೆ ಕೇಳಿಸಿದ್ದೇ ಬೇರೆ. ದಪ್ಪ ದನಿಯ ಗಾಯಕಿಯೊಬ್ಬರು ಒಂದು ಸಾಲು ಹಾಡುತ್ತಿದ್ದರು:

*ಕಿಟಕಿ ತೆರೆದೇ ಇದೆ...*

ಅಷ್ಟೇ. ಆಮೇಲೆ ರಾಗವಿಲ್ಲ, ತಾಳವಿಲ್ಲ. ಅಕಾರ್ಡಿಯನ್ನಿನ ಒಂದು ಸ್ವರದ ಮನೆಯನ್ನೂ ಒತ್ತದೆ ಅವನು ಬರೀ ತಿದಿಯನ್ನು ಎಳೆಯುತ್ತಿದ್ದ. ಚಿಕ್ಕದಾಗಿ ಗಾಳಿ ಒಳಗೆ, ಉದ್ದಕ್ಕೆ ಹೊರಗೆ. ಮತ್ತೆ ಒಳಗೆ, ಮತ್ತೆ ಹೊರಗೆ. ಅದರ ಜೊತೆಗೆ ಆ ಗಾಯಕಿಯ ಏದುಸಿರು. ಆಮೇಲೆ ಮುಂದಿನ ಸಾಲು:

*ಗಾಳಿಗೆ ಮಾತ್ರ ನಮ್ಮ ಮನೆಯ ದಾರಿ ಮರೆತಿದೆ...*

ಅಣ್ಣನ ಶ್ವಾಸಕೋಶ ದಿನದಿನಕ್ಕೆ ಕಲ್ಲಾಗುತ್ತಾ ಹೋದಾಗ ಆ ಚಿಕ್ಕ ಕೋಣೆಯಲ್ಲಿ ಹಗಲೂ ಇರುಳೂ ಕೇಳಿದ ಸದ್ದನ್ನು ಅವಳು ಮರೆಯುತ್ತಾಳೆಯೇ?

ಅವಳು ಎದೆ ತುಂಬ ಉಸಿರೆಳೆದುಕೊಂಡಳು.

"ನಮ್ಮಣ್ಣ ಉಸಿರಿಗೆ ಒದ್ದಾಡಿದ್ದು ನಿಮಗೆ ಸಂಗೀತವಾ? ನಾಚಿಕೆ ಆಗಲ್ವಾ ನಿಮ್ಗೆ? ಸಾಯ್ತಿರೋನ ಎದೆ ಮೇಲೆ ಕೂತು ಪೀಪಿ ಊದ್ತೀರಾ?"

ಗಾಯಕಿ ಕಕ್ಕಾಬಿಕ್ಕಿಯಾಗಿ ಅವನ ಕಡೆ ನೋಡಿದರು. ಅವನು ಎದ್ದು ನಿಂತಿದ್ದ. ಮುಖ ಬಿಳಿಚಿಹೋಗಿತ್ತು. ಬೈಗುಳಕ್ಕೆ ಹೆದರಿದನೇ? ಇಲ್ಲ. ಎಂದೋ ಕಳೆದುಹೋದ ಒಬ್ಬರನ್ನು ಸಂತೆಯಲ್ಲಿ ಕಂಡವನ ಹಾಗೆ ಅವಳನ್ನೇ ನೋಡುತ್ತಿದ್ದ.

"ನೀವು... ಇನ್ನೊಂದ್ ಸಲ..." ಎಂದು ತೊದಲಿದ.

"ಏನು ಇನ್ನೊಂದ್ ಸಲ? ಬೈಬೇಕಾ? ಬೈತೀನಿ! ಈ ಹಾಡು ಆಗಲ್ಲ. ನಾನು ಒಪ್ಪಲ್ಲ!"

ಬಾಗಿಲು ಧಡಾರನೆ ಮುಚ್ಚಿತು. ಬಸ್ ನಿಲ್ದಾಣದವರೆಗೂ ಅವಳು ಅಳಲಿಲ್ಲ. ಬಸ್ಸು ಹತ್ತಿದ ಮೇಲೆ ತಡೆಯಲಾಗಲಿಲ್ಲ.

*

ಅವಳ ಕೆಲಸ ಕನ್ನಡಕದ ಅಂಗಡಿಯಲ್ಲಿ. ಒಳಗಿನ ಕತ್ತಲ ಕೋಣೆಯಲ್ಲಿ ಗಿರಾಕಿಗಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಪರೀಕ್ಷಾ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತಾ 'ಇದು ಚೆನ್ನಾಗಿ ಕಾಣತ್ತಾ, ಇದಾ?' ಎಂದು ದಿನವಿಡೀ ಕೇಳುವುದು. ಅಣ್ಣ ಹೋದ ಮೇಲೆ ಅವಳು ಹೊರಗಿನವರ ಜೊತೆ ಆಡುತ್ತಿದ್ದ ಮಾತು ಹೆಚ್ಚುಕಮ್ಮಿ ಅಷ್ಟೇ ಆಗಿತ್ತು.

ಎರಡು ದಿನ ಬಿಟ್ಟು ಆ ಕುರ್ಚಿಯಲ್ಲಿ ಬಂದು ಕೂತವನು ಯಾರೆಂದುಕೊಂಡಿರಿ?

"ನೀವಾ! ಯಾಕ್ ಬಂದ್ರಿ?"

"ಕಣ್ಣು ಮಂಜಾಗ್ತಿದೆ. ನಿಜವಾಗ್ಲೂ. ಸ್ವರ ಬರೆದ ಹಾಳೆ ಕಾಣ್ತಿಲ್ಲ."

ಮಾಲೀಕರು ಹೊರಗೇ ಕೂತಿದ್ದರು. ಗಿರಾಕಿಯನ್ನು ಎಬ್ಬಿಸಿ ಕಳಿಸುವಂತಿಲ್ಲ. ಹಲ್ಲು ಕಚ್ಚಿಕೊಂಡು ಚೌಕಟ್ಟನ್ನು ಅವನ ಮೂಗಿನ ಮೇಲೆ ಕೂರಿಸಿದಳು, ಸ್ವಲ್ಪ ಜೋರಾಗಿಯೇ.

"ಇದು ಚೆನ್ನಾಗಿ ಕಾಣತ್ತಾ... ಇದಾ?"

ಗಾಜು ಬದಲಿಸಲು ಅವಳು ಬಗ್ಗಿದಳು. ನೋಡಿದರೆ ಪುಣ್ಯಾತ್ಮ ಕಣ್ಣು ಮುಚ್ಚಿ ಕೂತಿದ್ದಾನೆ!

"ಕಣ್ಣು ಮುಚ್ಕೊಂಡ್ರೆ ಏನ್ರೀ ಕಾಣತ್ತೆ?"

"ಕ್ಷಮಿಸಿ..." ಅವನು ಕಣ್ಣು ತೆರೆದ. "ನಿಮ್ಮ ಉಸಿರು ಕೇಳಿಸ್ಕೋತಿದ್ದೆ. ಆವತ್ತು ಬೈಯೋಕೆ ಮುಂಚೆ ಒಂದು ಉಸಿರು ಎಳ್ಕೊಂಡ್ರಲ್ಲ, ಆಗಲೇ ಗೊತ್ತಾಯ್ತು. ಹಾಡಿನಲ್ಲಿರೋ ಉಸಿರು ನಿಮ್ಮಣ್ಣನದಲ್ಲ. ನಿಮ್ಮದು."

ಅವಳ ಕೈಯಲ್ಲಿದ್ದ ಗಾಜು ಜಾರಿ ನೆಲಕ್ಕೆ ಬಿತ್ತು.

"ಏನ್ ಮಾತಾಡ್ತಿದೀರಿ ನೀವು?"

"ಅವರು ಕವಿತೆಗಳನ್ನ ಫೋನಲ್ಲಿ ಓದಿ ನನಗೆ ಕಳಿಸ್ತಿದ್ರು. ನಾವಿಬ್ರೂ ಮುಖ ನೋಡಿದವರೇ ಅಲ್ಲ. ಕೇಳಿ... ಒಂದೇ ಒಂದು ಸಲ ಕೇಳಿ. ಆಮೇಲೆ ಬೇಕಾದ್ರೆ ಕತ್ತು ಹಿಡಿದು ಆಚೆ ದಬ್ಬಿ."

ಅಣ್ಣ ಯಾರಿಗೋ ಕವಿತೆ ಓದಿ ಕಳಿಸುತ್ತಿದ್ದುದು ಅವಳಿಗೂ ಗೊತ್ತಿತ್ತು. ಯಾರಿಗೆಂದು ಕೇಳಿದರೆ 'ನನಗಿಂತ ದೊಡ್ಡ ಹುಚ್ಚ ಒಬ್ಬ ಇದಾನೆ ಕಣೇ' ಎನ್ನುತ್ತಿದ್ದ.

ಅವನು ತನ್ನ ಫೋನನ್ನು ಅವಳ ಕಿವಿಗೆ ಹಿಡಿದ.

ಅಣ್ಣ! ಸಣ್ಣಗೆ, ಕಾಗದದಷ್ಟು ತೆಳ್ಳಗಾಗಿದ್ದ ಅಣ್ಣನ ದನಿ. ಒಂದು ಸಾಲು. ಆಮೇಲೆ ಒಂದು ಹೆಣ್ಣುದನಿ, ಅವಳದೇ: 'ನಿಧಾನ ಅಣ್ಣ... ನನ್ ಜೊತೆ ಬಾ.' ಮತ್ತೆ ಉಸಿರು. ಮೂಗಿನಿಂದ ಚಿಕ್ಕದಾಗಿ ಒಳಗೆ, ತುಟಿ ಚೂಪು ಮಾಡಿ ಉದ್ದಕ್ಕೆ ಹೊರಗೆ.

ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದು ಅದು. ಎದುರಿಗೆ ಒಬ್ಬರು ಹಾಗೆ ಉಸಿರಾಡುತ್ತಿದ್ದರೆ ರೋಗಿಗೆ ಹಿಡಿತ ಸಿಗುತ್ತದೆ ಎಂದಿದ್ದರು. ಅಂದಿನಿಂದ ಅಣ್ಣನಿಗೆ ಉಸಿರು ಕಟ್ಟಿದಾಗಲೆಲ್ಲ ಮಂಚದ ಪಕ್ಕ ಕೂತು ಅವಳು ಉಸಿರಾಡುತ್ತಿದ್ದಳು. ಫೋನು ಹಾಸಿಗೆಯ ಅಂಚಿನಲ್ಲಿ, ಅವಳ ಮೊಣಕೈ ಹತ್ತಿರ ಇರುತ್ತಿತ್ತು. ಹಾಗಾಗಿ ಅಣ್ಣನದಕ್ಕಿಂತ ಅವಳದೇ ಜೋರಾಗಿ ಕೇಳಿಸಿದೆ.

ತನ್ನ ಉಸಿರಿನ ಸದ್ದು ಯಾರಿಗೆ ಗೊತ್ತಿರುತ್ತದೆ ಹೇಳಿ?

"ಯಾರೋ ದಾದಿ ಇರ್ಬೇಕು ಅಂದ್ಕೊಂಡಿದ್ದೆ," ಅವನು ಮೆಲ್ಲಗೆ ಹೇಳಿದ. "ಸಾಲುಗಳ ಮಧ್ಯೆ ಸ್ವರ ತುಂಬೋಕೆ ನೋಡಿದೆ, ಆಗಲಿಲ್ಲ. ಕವಿತೆ ನಿಂತಿದ್ದೇ ಆ ಉಸಿರಿನ ಮೇಲೆ. ಅದಕ್ಕೇ ಅದನ್ನೇ ಬರೆದೆ. ನೀವು ಬೇಡ ಅಂದ್ರೆ ಇಲ್ಲಿಗೆ ಮುಗೀತು. ಮತ್ತೆ ಕೇಳಲ್ಲ."

ಬಿದ್ದ ಗಾಜನ್ನು ಹುಡುಕುವ ನೆಪದಲ್ಲಿ ಅವಳು ಕತ್ತಲಲ್ಲಿ ನೆಲದ ಮೇಲೆ ತುಂಬ ಹೊತ್ತು ಕೂತಳು. ಅವನೂ ಇಳಿದು ಪಕ್ಕದಲ್ಲಿ ಕೂತು ಹುಡುಕತೊಡಗಿದ. ಗಾಜು ಅವಳ ಕೈಯಲ್ಲೇ ಇದೆಯೆಂದು ಅವನಿಗೂ ಕಾಣುತ್ತಿತ್ತು.

*

ಕೊನೆಗೆ ಅವಳು ಹ್ಞೂಂ ಎಂದಳು, ತಾಲೀಮಿಗೂ ಹೋದಳು. ಹಾಗೆ ಶುರುವಾಯಿತು.

"ಇಷ್ಟು ವರ್ಷ ಉಸಿರು ಕದ್ದು ಕದ್ದು ಹಾಡಿದೀನಮ್ಮ," ಗಾಯಕಿ ತಲೆಯ ಮೇಲೆ ಕೈ ಹೊತ್ತು ಕೂತರು. "ಉಸಿರು ಕೇಳಿಸಿದ್ರೆ ನಮ್ಮ ಗುರುಗಳು ಬೆತ್ತದಲ್ಲಿ ಕೊಡ್ತಿದ್ರು. ಈಗ ಈ ಮಹಾನುಭಾವ ಕೇಳೋ ಹಾಗೆ ಉಸಿರಾಡು ಅಂತಾನೆ! ನಾನು ಮಾಡಿದ್ರೆ ನಾಟಕದಲ್ಲಿ ಸಾಯೋ ರಾಣಿ ಥರ ಆಗತ್ತೆ. ಏ ಕನ್ನಡಕದ ಹುಡುಗಿ, ನೀನೇ ಬಂದು ಕೂರೇ."

ತಮಾಷೆಗೆ ಹೇಳಿದ ಮಾತು. ಆದರೆ ಅವನು ಸದ್ದಿಲ್ಲದೆ ಇನ್ನೊಂದು ಕುರ್ಚಿ ತಂದು ಗಾಯಕಿಯ ಪಕ್ಕ ಇಟ್ಟ.

ದಿನಾ ಅಂಗಡಿ ಮುಗಿಸಿ ಅವಳು ಅಲ್ಲಿಗೆ ಹೋಗತೊಡಗಿದಳು. ಅವನ ಹಾಳೆಯಲ್ಲಿ ಅವಳ ಉಸಿರಿಗೆಂದೇ ನೀಲಿ ಪೆನ್ಸಿಲಿನ ಗೆರೆ ಇತ್ತು. ಚಿಕ್ಕದೊಂದು ಏರು, ಉದ್ದನೆಯ ಇಳಿಜಾರು. ಅವಳು ಉಸಿರೆಳೆದರೆ ಅವನು ತಿದಿ ಎಳೆಯುತ್ತಿದ್ದ, ಬಿಟ್ಟರೆ ಬಿಡುತ್ತಿದ್ದ. ಒಂದು ದಿನವೂ ಅವಳಿಗಿಂತ ಮುಂದೆ ಹೋಗಲಿಲ್ಲ.

ಮೊದಮೊದಲು ಮನೆಗೆ ಹೋದ ಮೇಲೆ ಅವಳು ದೀಪ ಹಾಕುತ್ತಲೇ ಇರಲಿಲ್ಲ. ಅಣ್ಣನ ಖಾಲಿ ಮಂಚ, ಮೂಲೆಯಲ್ಲಿ ನಿಂತ ಆಮ್ಲಜನಕದ ಯಂತ್ರ, ಒಗೆಯದೆ ಇಟ್ಟುಕೊಂಡ ಒಂದು ಅಂಗಿ. ಆದರೂ ಮರುದಿನ ಹೋಗುತ್ತಿದ್ದಳು.

'ಯಾಕೆ ಹೋಗ್ತಿದೀನಿ? ಅಣ್ಣನ ದನಿಗಾ... ಇಲ್ಲಾ ಅವನಿಗಾ?'

ಅವನು ಬಸ್ ನಿಲ್ದಾಣದವರೆಗೆ ಜೊತೆಗೆ ನಡೆದು ಬರುತ್ತಿದ್ದ. ಒಂದು ಸಂಜೆ ಕೇಳಿದಳು: "ಆವತ್ತು ನಂಬರ್ ನೋಡಿದ ಕನ್ನಡಕ ಯಾವಾಗ ಸಿಗತ್ತೆ ಅಂತ ಒಂದ್ ದಿನಾನೂ ಕೇಳಲಿಲ್ಲ ನೀವು. ಕಾಣಲ್ಲ ಅಂದಿದ್ರಲ್ಲ?"

"ಕೇಳಿದ್ರೆ ನೀವು ಕೊಟ್ಬಿಡ್ತೀರಿ. ಆಮೇಲೆ ಅಂಗಡಿಗೆ ಬರೋಕೆ ನೆಪ ಇರಲ್ಲ."

ಅವಳು ನಕ್ಕಳು. ನಕ್ಕಿದ್ದು ತಿಳಿದ ಕೂಡಲೇ ಮುಖ ತಿರುಗಿಸಿಕೊಂಡಳು. ಅಣ್ಣ ಮಣ್ಣಲ್ಲಿ, ತಾನು ಬೀದಿಯಲ್ಲಿ ನಗುತ್ತಿದ್ದೇನೆ! ಆ ದಿನ ಅವನಿಗೆ ಹೋಗಿಬರುತ್ತೇನೆಂದೂ ಹೇಳದೆ ಬಸ್ಸು ಹತ್ತಿಬಿಟ್ಟಳು.

*

ಕೊನೆಯ ಹಾಡಿನ ಹಾಳೆ ಬಂದಾಗ ಪ್ರದರ್ಶನಕ್ಕೆ ನಾಲ್ಕೇ ದಿನ ಉಳಿದಿತ್ತು. ಅವಳು ಹಾಳೆ ತಿರುಗಿಸಿ ನೋಡಿದಳು. ನೀಲಿ ಗೆರೆಯೇ ಇಲ್ಲ.

"ಇದರಲ್ಲಿ ನಾನೆಲ್ಲಿ?"

"ಇದರಲ್ಲಿ ನೀವಿಲ್ಲ," ಅವನು ತಿದಿಯ ಪಟ್ಟಿ ಬಿಗಿಮಾಡುತ್ತಾ ಹೇಳಿದ. "ಅವರು ಕೊನೆಗೆ ಕಳಿಸಿದ್ರಲ್ಲಿ ನಿಮ್ಮ ಉಸಿರು ಇರಲಿಲ್ಲ. ಆ ಜಾಗ ಖಾಲಿ. ನೀವು ಸುಮ್ನೆ ಕೂತಿದ್ರೆ ಸಾಕು."

ಗಾಯಕಿ ಹಾಡಿದರು. ಅವಳು ಒಮ್ಮೆಯೂ ಕೇಳಿರದ ಕವಿತೆ.

*ತಂತಿಯ ಮೇಲೆ ನನ್ನ ಅಂಗಿ*
*ನನಗಿಂತ ಚೆನ್ನಾಗಿ ಉಸಿರಾಡುತ್ತಿದೆ...*
*ಮಡಿಸಬೇಡ,*
*ಇನ್ನಷ್ಟು ಹೊತ್ತು ಆಡಲಿ.*

ಸಾಲುಗಳ ನಡುವೆ ಏನೂ ಇಲ್ಲ. ತಿದಿಯೂ ಇಲ್ಲ. ಉಸಿರು ಇರಬೇಕಾದ ಕಡೆಯೆಲ್ಲ ಬರೀ ಮೌನ.

ಆ ಮಧ್ಯಾಹ್ನ! ಅವನಿಗೆ ಆ ಮಧ್ಯಾಹ್ನ ಗೊತ್ತು!

"ಬೇಕೂಂತ್ಲೇ ಮಾಡಿದ್ರಿ ಅಲ್ವಾ?" ಅವಳು ಎದ್ದು ನಿಂತಳು. "ಎಲ್ಲರ ಮುಂದೆ ಕೂರಿಸಿ, ನೋಡಿ ಇವಳೇ, ಇವಳು ಆವತ್ತು ಅಣ್ಣನ ಹತ್ರ ಇರಲಿಲ್ಲ ಅಂತ ತೋರಿಸೋಕೆ! ಅದಕ್ಕೇ ಅಲ್ವಾ ಈ ಕುರ್ಚಿ? ಅದಕ್ಕೇ ಅಲ್ವಾ ದಿನಾ ಬಸ್ ಸ್ಟಾಪ್‌ಗೆ ಬರ್ತಿದ್ದಿದ್ದು?"

"ಏನಂತಿದೀರಿ? ನನಗೇನೂ..."

"ಆವತ್ತು ನನಗೆ ಸಾಕಾಗಿತ್ತು! 'ಸ್ವಲ್ಪ ಹೊತ್ತು ನೀನೇ ಉಸಿರಾಡ್ಕೋ ಅಣ್ಣ, ನನ್ ಕೈಲಾಗಲ್ಲ' ಅಂದೆ. ಅಂದ್ಬಿಟ್ಟು ಬಾಲ್ಕನಿಗೆ ಹೋದೆ. ಒಣಗಿದ ಬಟ್ಟೆ ಮಡಿಸ್ತಾ ನಿಂತೆ. ಒಂದೇ ಅಂಗೀನ ಬಿಚ್ಚಿ ಬಿಚ್ಚಿ ಮಡಿಸ್ದೆ... ಒಳಗೆ ಹೋಗೋಕೆ ಮನಸ್ಸಿರಲಿಲ್ಲ." ಅವಳ ದನಿ ಒಡೆಯಿತು. "ಆಮೇಲೆ ಅಣ್ಣ ನನ್ನ ಯಾವತ್ತೂ ಕರೀಲಿಲ್ಲ. ಪಕ್ಕದಲ್ಲಿ ಕೂತ್ರೆ 'ಬೇಡ ಕಣೇ, ನಾನೇ ಮಾಡ್ಕೋತೀನಿ' ಅಂತಿದ್ದ. ಆಸ್ಪತ್ರೆಗೆ ಸೇರಿಸೋವರೆಗೂ ಒಬ್ನೇ ಒದ್ದಾಡ್ದ. ಅಲ್ಲಿಂದ ವಾಪಸ್ ಬರಲೇ ಇಲ್ಲ. ಅವನಿಗೆ ಎಲ್ಲಾ ಕಂಡಿತ್ತು. ನಾನು ನಿಂತಿದ್ದು, ಸುಮ್ಮನೆ ಮಡಿಸಿದ್ದು... ಬರೆದೂ ಬಿಟ್ಟಿದಾನೆ!"

ಸ್ವರಕ್ಕೆ ಸ್ವರ ಜೋಡಿಸುವ ಮನುಷ್ಯನಿಗೆ ಎದುರಿಗೆ ಅಳುವವಳಿಗೆ ಹೇಳಲು ಒಂದು ಮಾತು ಸಿಗಲಿಲ್ಲ. ಸಿಕ್ಕಿದ್ದು ಇದು:

"ಹಾಗಾದ್ರೆ... ಈ ಹಾಡನ್ನೇ ತೆಗೆದುಬಿಡ್ತೀನಿ."

"ತೆಗೆದ್ರೆ? ಆಗಿದ್ದು ಆಗಿಲ್ಲ ಅಂತಾಗತ್ತಾ?"

ಅವಳು ಹೊರಟುಹೋದಳು. ಈ ಸಲ ಬಾಗಿಲು ಮೆಲ್ಲಗೆ ಮುಚ್ಚಿತು. ಅದು ಅವನನ್ನು ಮೊದಲ ಸಲದ ಧಡಾರಿಗಿಂತ ಹೆಚ್ಚು ನೋಯಿಸಿತು.

*

ಅವನು ಫೋನು ಮಾಡಿದ. ಎತ್ತಲಿಲ್ಲ. ಅಂಗಡಿಗೆ ಬಂದ. ಅವಳು ಒಳಗಿಂದ ಹೊರಗೆ ಬರಲಿಲ್ಲ.

ಪ್ರದರ್ಶನದ ದಿನ ರಜೆ ಹಾಕಿ ಮನೆಯಲ್ಲೇ ಉಳಿದಳು. ಮಾಡಲು ಏನೂ ಇರಲಿಲ್ಲ. ಅಣ್ಣನ ಆ ಅಂಗಿಯನ್ನು ಕೈಗೆತ್ತಿಕೊಂಡಳು. ಇಷ್ಟು ದಿನ ಅದಕ್ಕೆ ಮುಖ ಒತ್ತಿಕೊಂಡರೆ ಅವನ ವಾಸನೆ ಬರುತ್ತಿತ್ತು. ಈಗ ಬರೀ ಮುಗ್ಗಲು. ಅಷ್ಟೂ ಹೋಯಿತಲ್ಲ ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಎದ್ದು, ಅದನ್ನು ಒಗೆದು, ಬಾಲ್ಕನಿಯ ತಂತಿಗೆ ಹಾಕಿದಳು.

ಒಳಗೆ ಬಂದವಳಿಗೆ ಏನನ್ನಿಸಿತೋ, ಅಣ್ಣನ ಮಂಚದ ಮೇಲೆ ಮಲಗಿದಳು. ಅವನು ಮಲಗುತ್ತಿದ್ದ ಹಾಗೆಯೇ, ದಿಂಬು ಎತ್ತರ ಮಾಡಿ, ಕಿಟಕಿಯ ಕಡೆ ಮುಖ ಮಾಡಿ. ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದಳೇ ಹೊರತು ಆ ಜಾಗದಿಂದ ಅವಳು ಎಂದೂ ನೋಡಿರಲಿಲ್ಲ.

ಅಲ್ಲಿಂದ ಕಾಣುವುದು ತಂತಿಯ ಒಂದು ತುಂಡು. ಅದರಲ್ಲಿ ಅಂಗಿ. ಬಟ್ಟೆ ಮಡಿಸುವವರು ನಿಲ್ಲುವ ಜಾಗ. ಅಷ್ಟೇ.

ಗಾಳಿ ಬೀಸಿತು. ಅಂಗಿಯ ಎದೆ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು. ಅಂಗಿ ಅಲ್ಲಿರುವಷ್ಟು ಹೊತ್ತು ಮಡಿಸುವವಳಿಗೂ ಅಲ್ಲೇ ಇರಲು ನೆಪ. ಮಡಿಸಿ ಮುಗಿದರೆ ಅವಳು ಮತ್ತೆ ಈ ಕೋಣೆಗೆ, ಈ ಉಬ್ಬಸದ ಪಕ್ಕಕ್ಕೆ ಬರಬೇಕು.

*ಮಡಿಸಬೇಡ... ಇನ್ನಷ್ಟು ಹೊತ್ತು...*

"ಅಣ್ಣ..." ಅವಳು ಎದ್ದು ಕೂತಳು. "ನನಗಾ ಹೇಳಿದ್ದು ಅದು?"

ಖಾಲಿ ಕೋಣೆ ಏನು ಹೇಳೀತು? ಅಣ್ಣ ಕೋಪದಿಂದ ದೂರ ಮಾಡಿದನೋ, ಅವಳು ನಾಲ್ಕು ಉಸಿರು ತನಗಾಗಿ ಎಳೆದುಕೊಳ್ಳಲಿ ಎಂದು ಬಿಟ್ಟುಕೊಟ್ಟನೋ, ಹೇಳಬೇಕಾದವನೇ ಇಲ್ಲ. ಆದರೆ ಬೆನ್ನ ಹಿಂದೆ ಮಲಗಿದ್ದವನು ತನ್ನನ್ನು ಎಷ್ಟು ಹೊತ್ತು ನೋಡುತ್ತಿದ್ದ ಎಂಬುದು ಅವಳಿಗೆ ಈಗ ತಿಳಿಯಿತು. ಬೈಯುವ ಮನಸ್ಸಿದ್ದವನು ಅಂಗಿ ಆಡಲಿ ಎನ್ನುವುದಿಲ್ಲ.

ಅಂಗಿಯನ್ನು ತಂತಿಯ ಮೇಲೇ ಬಿಟ್ಟು ಅವಳು ಚಪ್ಪಲಿ ಮೆಟ್ಟಿದಳು. ಬಸ್ಸು ದಾರಿಯಲ್ಲಿ ಅಂಗಡಿಯ ಮುಂದೆ ನಿಂತಾಗ ಇಳಿದು, ಮೇಜಿನ ಖಾನೆಯಿಂದ ಒಂದು ಪೆಟ್ಟಿಗೆ ಎತ್ತಿಕೊಂಡು, ಮುಂದಿನ ಬಸ್ಸು ಹಿಡಿದಳು.

*

ಅವಳು ಪಕ್ಕದ ಬಾಗಿಲಿಂದ ಒಳಗೆ ಬಂದಾಗ ಸಭೆ ತುಂಬಿತ್ತು. ಹಾಡಿನ್ನೂ ಶುರುವಾಗಿರಲಿಲ್ಲ. ಗಾಯಕಿಯ ಪಕ್ಕ ಅವಳ ಕುರ್ಚಿ ಇದ್ದಲ್ಲೇ ಇತ್ತು, ಖಾಲಿಯಾಗಿ. ತೆಗೆಯಿರಿ ಎಂದು ಯಾರು ಹೇಳಿದರೂ ಅವನು ತೆಗೆಯಲು ಬಿಟ್ಟಿರಲಿಲ್ಲವಂತೆ.

ಅವಳು ಹೋಗಿ ಕೂತಳು. ಅವನು ತಲೆ ಎತ್ತಿ ನೋಡಿದ. ಕಣ್ಣು ತುಂಬಿಬಂದಿತ್ತು. ಕೊನೆಯ ಹಾಡಿನ ಹಾಳೆಯನ್ನು ಕೈಯಲ್ಲಿ ಎತ್ತಿ, 'ತೆಗೆದುಬಿಡಲೇ?' ಎಂಬಂತೆ ತೋರಿಸಿದ.

ಅವಳು ಬೇಡವೆಂದು ತಲೆಯಾಡಿಸಿದಳು.

ಒಂದೊಂದೇ ಹಾಡು ಮುಗಿಯಿತು. ಅವಳು ಚಿಕ್ಕದಾಗಿ ಒಳಗೆಳೆದುಕೊಂಡಳು, ಉದ್ದಕ್ಕೆ ಹೊರಗೆ ಬಿಟ್ಟಳು, ತಿದಿ ಅವಳ ಹಿಂದೆಯೇ ಬಂತು. ಕೆಲವರು ಎದ್ದು ಹೋದರು. ಎರಡನೇ ಸಾಲಿನಲ್ಲಿದ್ದ ಮುದುಕರೊಬ್ಬರು ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಅವರ ಮನೆಯಲ್ಲೂ ಅಂಥದೊಂದು ಮಂಚ ಇತ್ತೋ ಏನೋ.

ಕೊನೆಯ ಹಾಡು. ಅವನು ಅಕಾರ್ಡಿಯನ್ ಮುಚ್ಚಿ ಪಟ್ಟಿ ಬಿಗಿದ. ಗಾಯಕಿ ಶುರು ಮಾಡಿದರು:

*ತಂತಿಯ ಮೇಲೆ ನನ್ನ ಅಂಗಿ...*

ಮೌನ. ಹಾಳೆಯಲ್ಲಿ ಬರೆದಿದ್ದ ಮೌನ.

ಆ ಮೌನದಲ್ಲಿ ಅವಳು ಉಸಿರಾಡಿದಳು.

ಆಸ್ಪತ್ರೆಯವರು ಕಲಿಸಿದ ಉಸಿರಲ್ಲ. ತುಟಿ ಚೂಪಾಗಲಿಲ್ಲ. ಬಾಲ್ಕನಿಯಲ್ಲಿ, ಗಾಳಿಗೆ ಮುಖ ಕೊಟ್ಟು ನಿಂತಿದ್ದಾಗ ಅವಳು ಎಳೆದುಕೊಂಡಿದ್ದ ಉಸಿರು. ಅದಕ್ಕಾಗಿ ಇಷ್ಟು ದಿನ ತನ್ನನ್ನು ಶಪಿಸಿಕೊಂಡಿದ್ದಳು. ಅಳು ಬೆರೆತು ಅದು ನಡುಗಿತು, ನಿಂತಿತು, ಮತ್ತೆ ಬಂತು. ಗಾಯಕಿ ಅರೆಕ್ಷಣ ಅವಳ ಕಡೆ ನೋಡಿ, ಆ ಉಸಿರು ಮುಗಿಯುವವರೆಗೆ ಕಾದು, ಮುಂದಿನ ಸಾಲು ಎತ್ತಿಕೊಂಡರು.

*ಮಡಿಸಬೇಡ...*

ಅವನ ಕೈ ತಿದಿಯ ಪಟ್ಟಿಗೆ ಹೋಯಿತು, ಹಾಗೆಯೇ ಹಿಂದಕ್ಕೆ ಬಂತು. ಆ ಉಸಿರಿನ ಜೊತೆ ಇನ್ನೇನೂ ಬೇಕಿರಲಿಲ್ಲ.

*

ಸಭೆ ಖಾಲಿಯಾಯಿತು. ಗಾಯಕಿ ಅವಳ ತಲೆ ನೇವರಿಸಿ, "ನಾಳೆ ಊಟಕ್ಕೆ ಬಾರೇ, ಕನ್ನಡಕದ ಹುಡುಗಿ. ಈ ಮೂಕಬಸವನನ್ನೂ ಎಳ್ಕೊಂಡು ಬಾ" ಎಂದು ಹೊರಟರು.

ಅವಳು ಕುರ್ಚಿಯಿಂದ ಎದ್ದಿರಲಿಲ್ಲ. ಅವನು ಬಂದು ಪಕ್ಕದ ಕುರ್ಚಿಯಲ್ಲಿ ಕೂತ.

"ನಾನು ಬರೆಯದೇ ಇದ್ದದ್ದನ್ನ ಹಾಡಿಬಿಟ್ರಿ."

"ತಪ್ಪಾಯ್ತಾ?"

"ಬರೆಯೋಕೆ ನನಗೆ ಧೈರ್ಯ ಇರಲಿಲ್ಲ." ಅವನು ತನ್ನ ಕೈಗಳನ್ನೇ ನೋಡಿಕೊಂಡ. "ಆವತ್ತು ನೀವು ಅತ್ತಾಗ ಒಂದು ಮಾತೂ ಬರಲಿಲ್ಲ. ಈಗ ಹೇಳ್ಲಾ?"

"ಹ್ಞೂಂ."

"ನಿಮ್ಮಣ್ಣ ಕಳಿಸ್ತಿದ್ದ ಕವಿತೆಗಳನ್ನ ಮತ್ತೆ ಮತ್ತೆ ಹಾಕಿ ಕೇಳ್ತಿದ್ದೆ. ಕವಿತೆಗೆ ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡೆ. ಆ ಉಸಿರಿಗೋಸ್ಕರ ಕೇಳ್ತಿದ್ದೆ. ಯಾರದು, ಎಲ್ಲಿದಾರೆ, ಏನೂ ಗೊತ್ತಿಲ್ಲ... ಇಷ್ಟ ಆಗೋಗಿತ್ತು. ಸಾವಿನ ಮಂಚದ ಪಕ್ಕ ಹುಟ್ಟಿದ್ದು, ಬಾಯಿಬಿಟ್ಟು ಹೇಗೆ ಹೇಳ್ಲಿ ಅಂತ ಸುಮ್ಮನಿದ್ದೆ."

ಅವಳ ಕೆನ್ನೆಯ ಮೇಲೆ ನೀರು ಇಳಿಯಿತು.

"ನನಗೆ ಅಳು ಮುಗಿದಿಲ್ಲ. ಮುಗಿಯತ್ತೆ ಅಂತಾನೂ ಅನ್ಸಲ್ಲ."

"ಮುಗೀಲಿ ಅಂತ ನಾನು ಕಾಯ್ತಿಲ್ಲ. ಅಳುವಾಗ ಪಕ್ಕದಲ್ಲಿ ಕೂತಿರ್ತೀನಿ. ಅಷ್ಟಾಗತ್ತೆ ನನ್ನ ಕೈಲಿ."

ಅವಳು ಚೀಲದಿಂದ ಆ ಪೆಟ್ಟಿಗೆ ತೆಗೆದಳು. ಅವನ ಕನ್ನಡಕ! ಎಂದೋ ಸಿದ್ಧವಾಗಿತ್ತು. ಅವನು ನೆಪ ಹುಡುಕಿದಂತೆ ಅವಳೂ ಅದನ್ನು ಕೊಡದೆ ಇಟ್ಟುಕೊಂಡಿದ್ದಳು. ಎರಡೂ ಕೈಯಿಂದ ಹಿಡಿದು, ಮೆಲ್ಲಗೆ, ಅವನ ಕಿವಿಗಳ ಹಿಂದೆ ಕೂರಿಸಿದಳು. ಅವನ ಮುಖ ಅವಳ ಉಸಿರು ತಾಕುವಷ್ಟು ಹತ್ತಿರದಲ್ಲಿತ್ತು.

"ಈ ಸಲ ಕಣ್ಣು ಮುಚ್ಚಬೇಡ," ಎಂದಳು. 'ನೀವು' ಎಲ್ಲಿ ಹೋಯಿತೋ, ಇಬ್ಬರೂ ಹುಡುಕಲಿಲ್ಲ.

"ಮುಚ್ಚಲ್ಲ," ಎಂದ ಅವನು. "ನೀನು ಉಸಿರಾಡ್ತಾ ಇರು."